ಒಂದು ದಕ್ಕೆಗಾಗಿ ಒಂದು ‘ಇಲ್ಲ’

ಆನ್ಸ್ ಮಾಲೊ
೬ ಫೆಬ್ರವರಿ, ಬುಧವಾರ

ಕ್ಲೀತಸ್,

ನಿನ್ನ ಹೆಸರಿನ ಮುಂದೆ ಏನು ಬರೆಯಬೇಕೆಂದು ತೋಚದೆ ಎರಡು ಹಾಳೆ ಹರಿದೆ. ‘ಪ್ರೀತಿಯ’ ಎಂದು ಬರೆದರೆ ಇಷ್ಟು ವರ್ಷ ಆ ಪ್ರೀತಿ ಎಲ್ಲಿತ್ತು ಎಂದು ನೀನು ಕೇಳಬಹುದು. ಬರೆಯದೆ ಬಿಟ್ಟರೆ ಅದು ಸುಳ್ಳಾಗುತ್ತದೆ. ಈ ಕಾಗದದಲ್ಲಿ ಸುಳ್ಳು ಬರೆಯಬಾರದೆಂದು ಕೂತಿದ್ದೇನೆ. ಆದ್ದರಿಂದ, ಪ್ರೀತಿಯ ಕ್ಲೀತಸ್.

ನಿನ್ನ ಅಕ್ಕ ಅಗಾಥಳ ಮಂಡಿನೋವು ಹೇಗಿದೆ? ಶನಿವಾರ ಬಸ್ಸಿನ ರೂಫಸ್ ಎರಡು ಜೀಗುಜ್ಜೆ ತಂದು ಬಾಗಿಲಲ್ಲಿಟ್ಟು ಹೋದ. ಯಾರು ಕಳಿಸಿದ್ದು ಎಂದರೆ ‘ಉತ್ತರದಿಂದ ಬಂದಿದೆ’ ಎಂದ, ಹವಾಮಾನದ ಸುದ್ದಿ ಹೇಳುವವನ ಹಾಗೆ. ಉತ್ತರದಲ್ಲಿ ನನಗೆ ಜೀಗುಜ್ಜೆ ಕಳಿಸುವವರು ಬೇರೆ ಯಾರಿದ್ದಾರೆ? ಒಂದನ್ನು ಕೆಂಡದಲ್ಲಿ ಸುಟ್ಟು ಉಪ್ಪುಮೀನಿನ ಜೊತೆ ತಿಂದೆ. ಇನ್ನೊಂದು ಮೇಜಿನ ಮೇಲೆ ನನ್ನ ಎದುರಿಗೇ ಇದೆ.

ಹೋದ ವಾರ ರೇಡಿಯೊದಲ್ಲಿ, ಸತ್ತವರ ಪಟ್ಟಿ ಓದಿ ಮುಗಿಸಿ ಮಳೆಗಾಳಿಯ ಸುದ್ದಿಗೆ ಹೋಗುವ ಮುಂಚೆ, ಎರಡೇ ವಾಕ್ಯದಲ್ಲಿ ಹೇಳಿದರು. ನಮಗೆ ದಕ್ಕೆ ಕಟ್ಟಿಸಿಕೊಟ್ಟ ಆ ದೊಡ್ಡ ದೇಶ, ತಿಮಿಂಗಿಲ ಬೇಟೆಯ ಬಗ್ಗೆ ದೇಶಗಳೆಲ್ಲ ಮತ ಹಾಕುವ ಸಭೆಯಿಂದಲೇ ಹೊರಗೆ ಹೋಗುತ್ತಿದೆಯಂತೆ. ಇನ್ನು ಅವರಿಗೆ ಯಾರ ಮತವೂ ಬೇಡ. ತಮ್ಮ ಸಮುದ್ರದಲ್ಲಿ ತಮಗೆ ಬೇಕಾದ್ದು ಹಿಡಿದುಕೊಳ್ಳುತ್ತಾರಂತೆ. ಯಾರ ಸಲುವಾಗಿ ನಾನು ಹತ್ತು ವರ್ಷ ಆ ಸಭೆಯಲ್ಲಿ ಬಾಯಿ ತೆರೆದೆನೋ ಅವರೇ ಎದ್ದು ನಡೆದರು. ನೀನೂ ಕೇಳಿಸಿಕೊಂಡಿರುತ್ತೀಯ. ನಕ್ಕೆಯೋ, ರೇಡಿಯೊ ಆರಿಸಿ ದೋಣಿಯ ಕಡೆ ಹೋದೆಯೋ, ಗೊತ್ತಿಲ್ಲ. ನಾನು ಮಾತ್ರ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಕೂತೆ. ಅವತ್ತಿನಿಂದ ನಿನಗೆ ಬರೆಯಬೇಕು ಬರೆಯಬೇಕು ಎಂದು ಒದ್ದಾಡುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೂವತ್ತು ವರ್ಷ ಮೀನುಗಾರಿಕೆ ಇಲಾಖೆಯಲ್ಲಿ ವರದಿ ಬರೆದ ಕೈ ಇದು. ಮೊದಲಿನಿಂದ ಒಂದೊಂದಾಗಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಲ್ಲದೆ, ನಡುವೆ ಎಲ್ಲಿ ಸುಳ್ಳು ಸೇರಿಕೊಂಡಿತು ಎನ್ನುವುದು ಹಾಗೆ ಹೇಳಿದರೆ ಮಾತ್ರ ಕಾಣುತ್ತದೆ.

ನಮ್ಮೂರಿಗೆ ಆಗ ದೋಣಿ ತಂದು ಕಟ್ಟಿಹಾಕುವ ದಕ್ಕೆ ಇರಲಿಲ್ಲ. ಸಮುದ್ರದಿಂದ ಬಂದ ದೋಣಿಯನ್ನು ಅಲೆ ನೋಡಿಕೊಂಡು ಎಂಟು ಜನ ಹಿಡಿದು ಕಲ್ಲಿನ ಮೇಲೆ ಎಳೆದು ಏರಿಸಬೇಕಿತ್ತು. ನಾವು ಮದುವೆಯಾದ ಎಂಟನೆಯ ವರ್ಷ ನನ್ನ ಅಪ್ಪ ಹಾಗೆ ಎಳೆಯುವಾಗ ಜಾರಿ ದೋಣಿಯ ಕೆಳಗೆ ಸಿಕ್ಕಿದ. ಸೊಂಟದ ಕೆಳಗೆ ಜೀವ ಉಳಿಯಲಿಲ್ಲ. ಆಮೇಲೆ ಗಾಲಿಕುರ್ಚಿ, ಕಿಟಕಿ. ಆ ಕಿಟಕಿಯಿಂದ ನೀರು ಕಾಣುತ್ತಿತ್ತು, ದೋಣಿ ಏರಿಸುವ ಜಾಗ ಕಾಣುತ್ತಿರಲಿಲ್ಲ. ಗಂಡಸರ ಕೂಗು ಕೇಳಿಯೇ ಯಾರ ದೋಣಿ, ಮೀನು ಹೆಚ್ಚೋ ಕಡಿಮೆಯೋ ಎಂದು ಅಪ್ಪ ಹೇಳುತ್ತಿದ್ದ. ಐಸಂತೂ ಮೊದಲೇ ಇಲ್ಲ. ಮೀನು ಬಂತೆಂದು ಶಂಖ ಊದಿದರೆ ಹೆಂಗಸರು ಬೋಗುಣಿ ಹಿಡಿದು ಓಡಬೇಕು. ಮಧ್ಯಾಹ್ನ ದಾಟಿತೆಂದರೆ ಆ ಮೀನು ನಾಯಿಯ ಪಾಲು.

ನೀನು ಮೀನು ಬಿಟ್ಟು ತಿಮಿಂಗಿಲದ ಹಿಂದೆ ಹೋದವನು. ಪರದೇಶದಿಂದ ಬಂದವರನ್ನು ದೋಣಿಯಲ್ಲಿ ಕೂರಿಸಿಕೊಂಡು ತೋರಿಸಿ ತರುತ್ತಿದ್ದೆ. ‘ಗಂಡುಗಳು ದೊಡ್ಡವಾದ್ಮೇಲೆ ಚಳಿ ಸಮುದ್ರಕ್ಕೆ ಓಡಿಹೋಗ್ತವೆ. ಇಲ್ಲಿ ಉಳಿಯೋರು ಅಜ್ಜಿ, ಚಿಕ್ಕಮ್ಮ, ಮರಿಗಳು. ಥೇಟ್ ನಮ್ಮೂರೇ’ ಎಂದು ಅವರನ್ನು ನಗಿಸುತ್ತಿದ್ದೆ. ಹನ್ನೊಂದು ತಿಮಿಂಗಿಲಗಳ ಬಾಲ ನಿನಗೆ ಗುರುತಿತ್ತು. ಒಂದೊಂದಕ್ಕೂ ಊರಿನ ಒಬ್ಬೊಬ್ಬ ಮುದುಕಿಯ ಹೆಸರಿಟ್ಟಿದ್ದೆ. ‘ನಾನು ಅಷ್ಟು ದಪ್ಪ ಇದ್ದೀನೇನೋ ಮುಟ್ಠಾಳ’ ಎಂದು ಮಾ ತಿತಿನ್ ನಿನ್ನನ್ನು ಚರ್ಚಿನ ಮೆಟ್ಟಿಲ ಮೇಲೆ ಪೊರಕೆಯಲ್ಲಿ ಬಡಿದಿದ್ದಳು. ಮುಂದಿನ ವಾರ ಅವಳೇ ಬಂದು ‘ನನ್ನದಕ್ಕೆ ಮರಿ ಆಯ್ತಾ?’ ಎಂದು ಕೇಳಿದಳು. ನನ್ನ ಹೆಸರನ್ನೇಕೆ ಇಡಲಿಲ್ಲ ಎಂದರೆ, ‘ನೀನು ಯಾವಾಗ ಮುಳುಗ್ತೀಯೋ ಯಾವಾಗ ಏಳ್ತೀಯೋ ನನಗೇ ತಿಳಿಯಲ್ಲ’ ಎಂದಿದ್ದೆ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಆಗಲೇ ಮಂತ್ರಿ ಪ್ರಾಸ್ಪರ್ ನನ್ನನ್ನು ಕರೆಸಿದ್ದು. ಅವತ್ತಿನ ಮಾತು ನಿನಗೆ ಪೂರ್ತಿ ಹೇಳಿರಲಿಲ್ಲ.

‘ಕೂತ್ಕೋ ಡೋರ. ನಮ್ಮ ಹತ್ರ ಮಾರೋಕೆ ಏನಿದೆ ಹೇಳು? ಬಾಳೆಹಣ್ಣಿತ್ತು, ಯುರೋಪಿನವರು ಬಾಗಿಲು ಹಾಕಿದ್ರು. ಜಾಯಿಕಾಯಿ ಇತ್ತು, ಬಿರುಗಾಳಿ ನುಂಗ್ತು. ಇನ್ನು ಉಳಿದಿರೋದು ಒಂದು ಕುರ್ಚಿ. ಆ ದೊಡ್ಡ ಸಭೇಲಿ ದೊಡ್ಡ ದೇಶಕ್ಕೂ ಒಂದೇ ಕುರ್ಚಿ, ನಮಗೂ ಒಂದೇ ಕುರ್ಚಿ. ಬಡವರಿಗೆ ದೇವರು ಕೊಟ್ಟಿದ್ದು ಅದೊಂದೇ ನೋಡು.’

‘ಆ ಕುರ್ಚೀಲಿ ಕೂತು ನಾನು ಏನು ಹೇಳ್ಬೇಕು ಸರ್?’ ಎಂದೆ.

‘ಅದನ್ನ ಯಾರೂ ಹೇಳ್ಕೊಡಲ್ಲ. ಅದೇ ಅದರ ಚಂದ’ ಎಂದು ನಕ್ಕ.

ನಿಜವಾಗಿಯೂ ಯಾರೂ ಹೇಳಿಕೊಡಲಿಲ್ಲ. ದಕ್ಕೆಗೆ ಜಾಗ ನೋಡಲು ಆ ದೇಶದಿಂದ ಬಂದ ಎಂಜಿನಿಯರ್ ನೆನಪಿದೆಯಲ್ಲ, ಸಪೂರ ಮನುಷ್ಯ, ಬಿಸಿಲಿಗೆ ಕತ್ತು ಕೆಂಪಾಗಿತ್ತು? ನಮ್ಮ ಊರಲ್ಲಿ ಒಂಬತ್ತು ದಿನ ಇದ್ದ. ಅಲೆಯ ಎತ್ತರ ಅಳೆದ, ಕಲ್ಲು ಒಡೆದು ನೋಡಿದ, ನಮ್ಮನೆಯಲ್ಲಿ ಕೂತು ಬೇಯಿಸಿದ ಬಾಳೆಕಾಯಿ ತಿಂದ, ಅಪ್ಪನ ಹತ್ತಿರ ಗಾಳಿಯ ಲೆಕ್ಕ ಕೇಳಿ ಬರೆದುಕೊಂಡ. ಮತ ಎಂಬ ಮಾತು ಅವನ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಹೊರಡುವಾಗ ಅಪ್ಪನಿಗೆ ಬಗ್ಗಿ ನಮಸ್ಕರಿಸಿದ. ಅಪ್ಪ ‘ಒಳ್ಳೆ ಮನೆತನದವನು’ ಎಂದ. ಈ ದೇಶದಲ್ಲಿ ಒಬ್ಬ ಅಧಿಕಾರಿಯೂ ಅಪ್ಪನನ್ನು ಏನೂ ಕೇಳಿ ಬರೆದುಕೊಂಡಿರಲಿಲ್ಲ, ಕ್ಲೀತಸ್. ಇಲಾಖೆಯಲ್ಲಿದ್ದ ನಾನೂ ಕೇಳಿರಲಿಲ್ಲ.

ಆಮೇಲೆ ನನ್ನನ್ನು ಆ ಸಭೆಗೆ ದೇಶದ ಪ್ರತಿನಿಧಿ ಮಾಡಿದರು. ದಕ್ಷಿಣದ ಒಂದು ಸಾಗರದಲ್ಲಿ ತಿಮಿಂಗಿಲ ಬೇಟೆಯನ್ನು ಪೂರ್ತಿ ನಿಲ್ಲಿಸಬೇಕೆಂಬ ಪ್ರಸ್ತಾಪ ಆ ವರ್ಷ ಬಂದಿತ್ತು. ನಾನು ಹೊರಡುವ ಹಿಂದಿನ ದಿನ ನೀನು ಅಡುಗೆಮನೆಯಲ್ಲಿ ಕೂತು ಮೀನು ಕೆರೆಯುತ್ತಿದ್ದೆ. ತಲೆ ಎತ್ತದೆ ಕೇಳಿದೆ.

‘ಹೌದು ಅನ್ನು ಅಂತ ನಾನು ಕೇಳಲ್ಲ ಡೋರ. ನಿನ್ನ ಕೆಲಸ ಏನು ಅಂತ ನನಗೆ ಗೊತ್ತು. ಇಲ್ಲ ಅನ್ಬೇಡ, ಅಷ್ಟೆ. ಬಾಯಿ ಮುಚ್ಕೊಂಡಿರೋಕೂ ಅಲ್ಲಿ ಒಂದು ಮತ ಇದೆಯಂತಲ್ಲ, ಅದನ್ನ ಹಾಕು. ನಾಳೆ ನನ್ನ ದೋಣೀಲಿ ಕೂತವರಿಗೆ ನಾನು ಮುಖ ತೋರಿಸ್ಬೇಕು.’

‘ಅವರು ಹಿಡಿಯೋದು ಭೂಮಿಯ ಆ ತುದೀಲಿ. ನಿನ್ನ ಹನ್ನೊಂದರ ಮೈ ಯಾರೂ ಮುಟ್ಟಲ್ಲ’ ಎಂದೆ.

‘ಗೊತ್ತು. ಪಕ್ಕದ ಮನೆಯವಳನ್ನ ಹೊಡೀತಾ ಇದ್ರೆ, ನನ್ನ ಹೆಂಡ್ತಿ ಕ್ಷೇಮವಾಗಿದ್ದಾಳಲ್ಲ ಅಂತ ನಾನು ಊಟಕ್ಕೆ ಕೂತ್ಕೊಳ್ಳಲಾ?’

ನಿನ್ನ ಒದ್ದೆ ಕೈ ಹಿಡಿದು ‘ತಟಸ್ಥ ಅಂತೀನಿ, ಆಣೆ’ ಎಂದೆ. ಹಾಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಇದನ್ನು ನೀನು ನಂಬಬೇಕು. ನಂಬೆಂದು ಕೇಳುವ ಬಾಯಿ ನನ್ನದಲ್ಲ, ಆದರೂ.

ಸಭೆ ನಡೆದ ಊರು ತಣ್ಣಗಿತ್ತು, ಜೂನಿನಲ್ಲೂ ಕೋಟು ಬೇಕಿತ್ತು. ಹೋಟೆಲಿನ ಹೊರಗೆ ಯುವಕ ಯುವತಿಯರು ತಿಮಿಂಗಿಲದ ಚಿತ್ರ ಹಿಡಿದು ನಿಂತಿದ್ದರು. ನಮ್ಮಂಥ ಸಣ್ಣ ದೇಶದವರು ಒಳಗೆ ಹೋಗುವಾಗ ಕೆಲವರು ‘ಎಷ್ಟಕ್ಕೆ ಬಂದ್ರಿ?’ ಎಂದು ಕೂಗಿದರು. ನನಗೆ ಉರಿಯಿತು. ಅವರ ದೇಶದಲ್ಲಿ ದಕ್ಕೆ ಇತ್ತು, ಐಸಿತ್ತು, ನೂರು ವರ್ಷ ಮನಸೋ ಇಚ್ಛೆ ತಿಮಿಂಗಿಲ ಕೊಂದು ದೀಪ ಉರಿಸಿದ ಅಜ್ಜಂದಿರಿದ್ದರು.

ಈಗ ನಿನ್ನಿಂದ ಬಚ್ಚಿಟ್ಟದ್ದು.

ಮತ ಹಾಕುವ ಬೆಳಿಗ್ಗೆ ಮಂತ್ರಿಯಿಂದ ಫೋನ್ ಬಂತು, ‘ಇಲ್ಲ’ ಎನ್ನಲು ಆಜ್ಞೆಯಾಯಿತು, ಸರ್ಕಾರಿ ನೌಕರಳಾದ ನಾನು ಏನು ಮಾಡಲಿ ಎಂದು ನಾನು ನಿನಗೆ ಹೇಳಿದ್ದೆ. ಫೋನ್ ಬರಲಿಲ್ಲ, ಕ್ಲೀತಸ್. ನಾನೇ ಮಾಡಿದೆ. ತಟಸ್ಥ ಎನ್ನಬೇಕೆಂದಿದ್ದೇನೆ, ಆಗಬಹುದಾ ಎಂದು ಕೇಳಿದೆ. ಪ್ರಾಸ್ಪರ್ ಆಗಷ್ಟೇ ಎದ್ದಿದ್ದ, ಆಕಳಿಸುತ್ತಿದ್ದ. ‘ಅವರಿಗೆ ಬೇಕಾದಷ್ಟು ಜನ ಆಗಿದ್ದಾರಂತೆ. ತಟಸ್ಥ ಅಂದ್ರೂ ನಾನು ಹೆಂಗೋ ಸಂಭಾಳಿಸ್ತೀನಿ. ನಿನಗೇ ಬಿಟ್ಟಿದ್ದು ಡೋರ’ ಎಂದ. ಅಷ್ಟೇ ಅವನು ಹೇಳಿದ್ದು. ಕೊನೆಯ ಪದದವರೆಗೂ ಅಷ್ಟೇ.

ಸಮಾಧಾನದಿಂದ ಕೆಳಗಿಳಿದು ಬಂದೆ. ಸಭಾಂಗಣದ ಬಾಗಿಲಲ್ಲಿ ಆ ಎಂಜಿನಿಯರ್ ಸಿಕ್ಕಿದ. ಅಪ್ಪನ ಆರೋಗ್ಯ ಕೇಳಿದ. ಚೀಲದಿಂದ ಒಂದು ನಕ್ಷೆ ತೆಗೆದು ಬಿಡಿಸಿದ. ಮೇಲೆ ‘ಆನ್ಸ್ ಮಾಲೊ’ ಎಂದು ನಮ್ಮೂರಿನ ಹೆಸರು. ದಕ್ಕೆ, ಐಸ್ ಪ್ಲಾಂಟು, ಹೆಂಗಸರಿಗೆ ಮೀನು ಹೆಚ್ಚುವ ಕಟ್ಟೆ. ಪಕ್ಕದಲ್ಲಿ ಒಂದು ಇಳಿಜಾರು. ದೋಣಿಗೆ ಅಷ್ಟು ಸಣ್ಣ ಇಳಿಜಾರು ಯಾಕೆ ಎಂದು ಕೇಳಿದೆ. ‘ಇದು ದೋಣಿಗಲ್ಲ, ನಿಮ್ಮ ತಂದೆಯ ಕುರ್ಚಿಗೆ. ನೀರಿನ ಅಂಚಿನವರೆಗೆ ಹೋಗುತ್ತೆ’ ಎಂದ. ಇನ್ನೂ ಒಪ್ಪಿಗೆಯಾಗಿಲ್ಲ, ಆದರೆ ಬರೆದಿಟ್ಟಿದ್ದೇನೆ ಎಂದೂ ಹೇಳಿದ. ಆಗಲೂ ಮತದ ಮಾತಿಲ್ಲ. ಬಗ್ಗಿ ನಮಸ್ಕರಿಸಿ ಹೋದ.

ಅವನು ಬೆದರಿಸಿದ್ದರೆ ನಾನು ಗೆದ್ದುಬಿಡುತ್ತಿದ್ದೆ. ಬೆದರಿಸಿದವರಿಗೆ ನಾನು ಬಗ್ಗಿದ್ದನ್ನು ನೀನು ನೋಡಿದ್ದೀಯಾ?

ಅಕ್ಷರಮಾಲೆಯ ಕ್ರಮದಲ್ಲಿ ದೇಶಗಳ ಹೆಸರು ಕೂಗುತ್ತಾ ಬಂದರು. ನಮ್ಮದು ಬಂದಾಗ ನನ್ನ ಬಾಯಿಂದ ‘ಇಲ್ಲ’ ಎಂದು ಬಂತು. ಮೈಕ್ ಹತ್ತಿರವಿತ್ತೋ ಏನೋ, ದೊಡ್ಡದಾಗಿಯೇ ಬಂತು. ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಪ್ರಸ್ತಾಪ ಬಿದ್ದುಹೋಯಿತು. ಅದೂ ಒಂದೆರಡು ಮತದಿಂದಲ್ಲ. ನಾನು ಹೌದೆಂದಿದ್ದರೂ, ಸುಮ್ಮನಿದ್ದಿದ್ದರೂ, ಹೋಗದೆ ಮನೆಯಲ್ಲೇ ಇದ್ದಿದ್ದರೂ ಅದು ಬೀಳುತ್ತಿತ್ತು. ನನ್ನ ಮಾತು ಯಾರಿಗೂ ಬೇಕಿರಲಿಲ್ಲ. ನಿನಗೊಬ್ಬನಿಗೆ ಬೇಕಿತ್ತು.

ವಿಮಾನದಲ್ಲಿ ಬರುವಾಗ ಎಲ್ಲವನ್ನೂ ಹೇಳಿಬಿಡಬೇಕೆಂದೇ ಇದ್ದೆ. ನೀನು ವಿಮಾನ ನಿಲ್ದಾಣದಲ್ಲಿ ಆ ಹಳೆಯ ಟೋಪಿ ಹಾಕಿಕೊಂಡು ನಿಂತಿದ್ದೆ. ಸುದ್ದಿ ನಿನಗೆ ಮೊದಲೇ ಮುಟ್ಟಿತ್ತು. ಬೈಯಲಿಲ್ಲ. ‘ಏನಾಯ್ತು?’ ಎಂದೆ, ಬಹಳ ಮೆಲ್ಲಗೆ, ನನಗೇ ಏನೋ ಪೆಟ್ಟಾಗಿದೆ ಎನ್ನುವ ಹಾಗೆ. ಆ ದನಿಗೆ ನಾನು ಹೆದರಿದೆ. ಫೋನ್ ಬಂತು ಎಂದುಬಿಟ್ಟೆ. ನೀನು ನನ್ನ ಪೆಟ್ಟಿಗೆ ಎತ್ತಿಕೊಂಡು ‘ಹಾಳಾಗ್ಲಿ ಆ ಪ್ರಾಸ್ಪರ್’ ಎಂದೆ.

ಅಲ್ಲಿಗೆ ಮುಗಿಯಬಹುದಿತ್ತು. ಪರದೇಶದ ಪತ್ರಿಕೆಗಳಲ್ಲಿ ‘ಇಲ್ಲ’ ಎಂದ ದೇಶಗಳ ಪಟ್ಟಿ ಬಂತು. ಆ ಋತುವಿಗೆ ನಿನ್ನ ದೋಣಿ ಕಾಯ್ದಿರಿಸಿದ್ದವರಲ್ಲಿ ಅರ್ಧ ಜನ ಬರುವುದಿಲ್ಲವೆಂದು ಬರೆದರು. ಬೇರೆ ದೋಣಿಯವರೂ ಹೋಟೆಲಿನವರೂ ನಿನ್ನ ಮೇಲೆ ಬಿದ್ದರು. ನೀನು ನನ್ನನ್ನು ಕೇಳದೆ ಬೆಳಗಿನ ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿದೆ. ನಾನು ಕಚೇರಿಯಲ್ಲಿ ಎಲ್ಲರ ನಡುವೆ ಕೂತು ಕೇಳಿದೆ. ‘ನನ್ನ ಹೆಂಡ್ತಿ ನನಗೆ ಮಾತು ಕೊಟ್ಟಿದ್ಲು. ಅವಳು ಮಾತು ತಪ್ಪೋಳಲ್ಲ. ಮಂತ್ರಿ ಫೋನ್ ಮಾಡಿ ಅವಳ ಬಾಯಿ ಕಟ್ಟಿದ. ಬೈಯೋದಿದ್ರೆ ಅವನಿಗೆ ಬೈಯಿರಿ, ಡೋರನ ಸುದ್ದಿಗೆ ಬರ್ಬೇಡಿ.’ ನನ್ನ ಜೊತೆ ಕೆಲಸ ಮಾಡುವ ಹುಡುಗಿ ‘ಎಂಥ ಗಂಡ ನಿಮಗೆ’ ಎಂದು ಕಣ್ಣೊರೆಸಿಕೊಂಡಳು.

ಪ್ರಾಸ್ಪರ್ ಚುನಾವಣೆಯ ಪ್ರಚಾರ ಶುರುವಾಗುವವರೆಗೆ ಸುಮ್ಮನಿದ್ದ. ಆಮೇಲೆ ನಮ್ಮೂರ ಮಾರುಕಟ್ಟೆಯಲ್ಲೇ ವೇದಿಕೆ ಹತ್ತಿ, ಜನರ ನಡುವೆ ನಿನ್ನನ್ನು ಹುಡುಕಿ ಹೇಳಿದ: ‘ಏಯ್ ಕ್ಲೀತಸ್! ನಾನು ಫೋನ್ ಮಾಡ್ದೆ ಅಂತ ಊರಿಗೆಲ್ಲ ಸಾರ್ತಿದ್ದೀಯಂತೆ. ಮನೆಗೆ ಹೋಗಿ ಹೆಂಡ್ತೀನ ಕೇಳಪ್ಪಾ, ಯಾರು ಯಾರಿಗೆ ಮಾಡಿದ್ದು ಅಂತ! ನಾನು ಅವಳಿಗೇ ಬಿಟ್ಟಿದ್ದೆ. ದಕ್ಕೆ ಬೇಕು ಅಂದೋಳು ಅವಳು, ಬುದ್ಧಿವಂತೆ! ನೀವೂ ಬುದ್ಧಿವಂತರಾಗಿ, ನನಗೇ ಮತ ಹಾಕಿ!’ ಜನ ಬಿದ್ದು ಬಿದ್ದು ನಕ್ಕರಂತೆ. ನೀನು ಮನೆಗೆ ಬಂದು ಬಾಗಿಲಲ್ಲೇ ನಿಂತು ಕೇಳಿದೆ. ಅಪ್ಪ ಅಲ್ಲೇ ಇದ್ದ. ‘ಅವನು ರಾಜಕಾರಣಿ ಕ್ಲೀತಸ್, ಸುಳ್ಳು ಹೇಳದೆ ಇನ್ನೇನು ಹೇಳ್ತಾನೆ?’ ಎಂದೆ. ನಿನ್ನ ಮುಖ ನೋಡಿಯೇ ಹೇಳಿದೆ.

ಮೊದಲ ಸುಳ್ಳು ಹೆದರಿ ಹೇಳಿದ್ದು. ಎರಡನೆಯದಕ್ಕೆ ನೆಪವಿಲ್ಲ.

ನೀನು ‘ಸರಿ’ ಎಂದೆ. ಮಾರನೆಯ ದಿನ ಹೆಂಡದಂಗಡಿಯಲ್ಲಿ ನನಗಾಗಿ ಹೊಡೆದಾಡಿ ಹುಬ್ಬು ಒಡೆದುಕೊಂಡು ಬಂದೆ. ಅಲ್ಲಿಂದಲೇ ನಿನಗೆ ‘ಟೆಲಿಫೋನ್’ ಎಂದು ಹೆಸರು ಬಿತ್ತು. ಬೀದಿಯಲ್ಲಿ ಹೋದರೆ ‘ಟ್ರಿಂಗ್ ಟ್ರಿಂಗ್, ಮಂತ್ರಿ ಲೈನ್ ಮೇಲಿದ್ದಾರೆ’ ಎನ್ನುವರು. ನಾನು ಕಿಟಕಿ ಮುಚ್ಚಿಕೊಂಡು ಕೇಳಿದ್ದೇನೆ. ಬಾಗಿಲು ತೆಗೆದು ಒಂದು ಮಾತು ಹೇಳಿದ್ದರೆ ಆ ಹೆಸರು ನಿನಗೆ ಅಂಟುತ್ತಿರಲಿಲ್ಲ.

ದಕ್ಕೆ ಬಂತು. ಅದು ಬಂದದ್ದು ಒಳ್ಳೆಯದಾಯಿತು, ಅದನ್ನೂ ಬರೆಯಬೇಕು. ಮೊದಲ ದಿನ ಅಪ್ಪ ಆ ಇಳಿಜಾರಿನಲ್ಲಿ ಇಳಿದು ನೀರಿಗೆ ಕೈ ಅದ್ದಿದ. ಏಳು ವರ್ಷವಾಗಿತ್ತು ಅವನು ಸಮುದ್ರ ಮುಟ್ಟಿ. ನೀನು ಮಾತ್ರ ನಿನ್ನ ದೋಣಿಯನ್ನು ದಕ್ಕೆಗೆ ಕಟ್ಟಲಿಲ್ಲ. ರಾಟೆ ಕಟ್ಟಿ ಒಬ್ಬನೇ ಹಳೆಯ ಕಲ್ಲಿನ ಮೇಲೆ ಎಳೆದುಕೊಂಡೆ. ಆದರೂ ದಿನಾ ಬೆಳಿಗ್ಗೆ ಅಪ್ಪನ ಕುರ್ಚಿಯನ್ನು ಇಳಿಜಾರಿನ ತಲೆಯವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಬೇರೆ ಯಾರ ಕೈಗಾದರೂ ಕೊಟ್ಟು ಬರುತ್ತಿದ್ದೆ. ಹದಿನಾಲ್ಕು ತಿಂಗಳು ಹಾಗೆ ಮಾಡಿದೆ. ಒಂದು ಹೆಜ್ಜೆ ಕೆಳಗಿಡಲಿಲ್ಲ.

ಅಪ್ಪ ತೀರಿಕೊಂಡು ಚರ್ಚಿನಲ್ಲಿ ತಿಂಗಳ ಪೂಜೆ ಮುಗಿದ ಮಾರನೆಯ ದಿನ ನೀನು ಬಟ್ಟೆ ಕಟ್ಟಿಕೊಂಡೆ. ‘ಉತ್ತರದಲ್ಲಿ ತಿಮಿಂಗಿಲ ಜಾಸ್ತಿ. ಅಕ್ಕನ ಮನೇಲಿರ್ತೀನಿ’ ಎಂದೆ. ಅಲ್ಲಿ ತಿಮಿಂಗಿಲ ಕಡಿಮೆ ಎಂದು ಇಬ್ಬರಿಗೂ ಗೊತ್ತಿತ್ತು. ಹೊಸ್ತಿಲು ದಾಟಿ ತಿರುಗಿ ಹೇಳಿದೆ: ‘ನಾನು ನಿನ್ನನ್ನ ನಂಬ್ತಾನೇ ಇರಬಲ್ಲೆ ಡೋರ. ಅದೇನು ಕಷ್ಟ ಅಲ್ಲ. ಆದ್ರೆ ನಾನು ನಂಬೋದನ್ನ ನೀನು ದಿನಾ ನೋಡ್ತಾ ಕೂತಿರ್ತೀಯಲ್ಲ, ಅದನ್ನ ನೋಡೋಕೆ ನನ್ನಿಂದ ಆಗ್ತಾ ಇಲ್ಲ.’ ಆಗ ನನಗೆ ತಿಳಿಯಿತು, ನಿನಗೆ ಗೊತ್ತು ಎಂದು. ಬಹುಶಃ ಮಾರುಕಟ್ಟೆಯಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ಹುಬ್ಬು ಒಡೆಸಿಕೊಂಡಿದ್ದೆ.

ನೀನು ಹೋದ ಮೇಲೆ ನಾನು ಬದಲಾಗಿರಬಹುದು ಎಂದುಕೊಳ್ಳಬೇಡ. ಐಸ್ ಪ್ಲಾಂಟಿನ ಬಿಡಿಭಾಗ ಅದೇ ದೇಶದಿಂದಲೇ ಬರಬೇಕು. ಜನವರಿಯಲ್ಲಿ ಕೆಟ್ಟರೆ ಕಾಗದ ಬರೆಯುತ್ತಿದ್ದೆವು, ಬಹಳ ಮರ್ಯಾದೆಯ ಉತ್ತರ ಬರುತ್ತಿತ್ತು. ಮೇ ತಿಂಗಳಲ್ಲಿ, ಸಭೆಗೆ ಎರಡು ವಾರ ಇರುವಾಗ, ಪೆಟ್ಟಿಗೆಯೇ ಬರುತ್ತಿತ್ತು. ಮೀನು ಮಾರುವ ರೊಸಾಲಿ ನನ್ನನ್ನು ನೋಡಿದಾಗಲೆಲ್ಲ, ‘ಈ ವರ್ಷ ಹೋಗ್ತೀಯಲ್ಲಮ್ಮ? ಹೋಗು ತಾಯಿ, ಮೆಷಿನ್ನು ಗೊರಗೊರ ಅಂತಿದೆ’ ಎನ್ನುವಳು. ಹೋಗುತ್ತಿದ್ದೆ. ಹೆಸರು ಕೂಗಿದಾಗ ‘ಇಲ್ಲ’ ಎನ್ನುತ್ತಿದ್ದೆ. ಎರಡನೆಯ ವರ್ಷದಿಂದ ಅದು ಸಲೀಸಾಗಿಯೇ ಬಂತು. ಒಟ್ಟು ಹತ್ತು ವರ್ಷ ಹಾಗೆ ಕಳೆದು ನಿವೃತ್ತಳಾದೆ. ಒಂದು ಗಡಿಯಾರ ಕೊಟ್ಟು ಕಳಿಸಿದರು.

ಇನ್ನೊಂದು ವಿಷಯ. ನಾಲ್ಕು ವರ್ಷದ ಹಿಂದೆ ರಾಜಧಾನಿಯಿಂದ ಹೊರಡುವ ಪ್ರವಾಸಿ ದೋಣಿಗೆ ಟಿಕೆಟು ತೆಗೆದುಕೊಂಡು, ದೊಡ್ಡ ಹ್ಯಾಟು ಹಾಕಿಕೊಂಡು, ಬಿಳಿಯರ ನಡುವೆ ಕೂತು ಸಮುದ್ರಕ್ಕೆ ಬಂದೆ. ದೂರದಲ್ಲಿ ನಿನ್ನ ದೋಣಿ ಕಂಡಿತು. ಇಬ್ಬರೇ ಪ್ರವಾಸಿಗಳಿದ್ದರು. ನೀನು ಅಂಚಿನಿಂದ ಬಗ್ಗಿ, ನೀರಿನೊಳಗಿನ ದನಿ ಕೇಳುವ ಆ ಸಾಧನವನ್ನು ಇಳಿಬಿಟ್ಟು, ಕಿವಿಗೆ ಹಿಡಿದು ಕೂತಿದ್ದೆ. ತಲೆ ಪೂರ್ತಿ ನರೆತಿತ್ತು. ನಮ್ಮ ದೋಣಿಯ ಚಾಲಕ, ಇಪ್ಪತ್ತೈದರ ಗಂಡಸು, ನನ್ನ ಗುರುತಿಲ್ಲದವನು, ‘ಟೆಲಿಫೋನ್ ಹತ್ರ ಹೋಗೋಣ. ತಿಮಿಂಗಿಲ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತೆ’ ಎಂದ. ಅವರಿಗೆ ಆ ಹೆಸರು ಯಾಕೆ ಎಂದು ಕೇಳಿದೆ. ‘ತಿಮಿಂಗಿಲದ ಜೊತೆ ಫೋನಲ್ಲಿ ಮಾತಾಡ್ತಾರಲ್ಲ ಮೇಡಂ, ಅದಕ್ಕೆ. ನಮಗೆಲ್ಲ ಗುರು ಅವರು’ ಎಂದ.

ಅವನ ತಲೆಮಾರಿಗೆ ಆ ಹೆಸರಿನ ಹಿಂದಿನ ಕಥೆ ಗೊತ್ತಿಲ್ಲ. ನನ್ನ ಸುಳ್ಳನ್ನು ನೀನು ಅಲ್ಲಿ ಕೂತು ಕೂತು ತೊಳೆದಿದ್ದೀಯ. ನಾನು ಅಳುತ್ತಿದ್ದೆ. ಪಕ್ಕದ ಹೆಂಗಸು ಸಮುದ್ರದ ವಾಕರಿಕೆ ಎಂದುಕೊಂಡು ನಿಂಬೆಹಣ್ಣು ಕೊಟ್ಟಳು. ಹತ್ತಿರ ಹೋಗುವುದು ಬೇಡ ಎಂದು ಚಾಲಕನಿಗೆ ಹೇಳಿದೆ.

ಐಸ್ ಪ್ಲಾಂಟು ಕ್ರಿಸ್‌ಮಸ್‌ಗೆ ಮುಂಚೆ ನಿಂತಿತು. ನನ್ನ ನಂತರ ಬಂದ ಅಧಿಕಾರಿ ಮೂರು ಕಾಗದ ಬರೆದಿದ್ದಾನೆ. ಈ ಸಲ ಮರ್ಯಾದೆಯ ಉತ್ತರವೂ ಬಂದಿಲ್ಲ. ಮೇ ತಿಂಗಳಿಗೆ ಕಾಯಲು ಈಗ ಮೇ ತಿಂಗಳೇ ಇಲ್ಲವಲ್ಲ. ಮತ್ತೆ ಶಂಖ ಊದುತ್ತಾರೆ, ಮತ್ತೆ ಹೆಂಗಸರು ಬೋಗುಣಿ ಹಿಡಿದು ಓಡುತ್ತಾರೆ. ಪ್ರಾಸ್ಪರನ ಮಗ ಈಗ ಮಂತ್ರಿ. ಬೇರೊಂದು ದೇಶದವರು ಬೇರೊಂದು ಸಭೆಯ ಕುರ್ಚಿಗಾಗಿ ಬಂದು ಹೋದರಂತೆ, ಕ್ರೀಡಾಂಗಣ ಕಟ್ಟಿಸಿಕೊಡುತ್ತಾರಂತೆ. ಅದಕ್ಕೆ ಯಾವ ಮನೆಯ ಹೆಂಡತಿಯನ್ನು ಕಳಿಸುತ್ತಾರೋ ಎಂದು ಯೋಚಿಸುತ್ತೇನೆ. ಯಾರೆಂದು ಗೊತ್ತಾದರೆ ಹೋಗಿ ಒಂದು ಮಾತು ಹೇಳಿಬರಬೇಕು.

ನಿನ್ನನ್ನು ವಾಪಸು ಬಾ ಎಂದು ಕೇಳಲು ಇದನ್ನು ಬರೆಯಲಿಲ್ಲ. ನಮಗೆ ಮಕ್ಕಳಿಲ್ಲ, ಅವರ ಸಲುವಾಗಿ ಬಾ ಎನ್ನುವ ಹಾಗೂ ಇಲ್ಲ. ನೀನು ಹೇಳಿದ್ದು ನಿಜವಾಗಿತ್ತು, ನಾನು ಹೇಳಿದ್ದು ಸುಳ್ಳಾಗಿತ್ತು, ಇದು ನನ್ನ ಕೈಬರಹದಲ್ಲಿ ನಿನ್ನ ಹತ್ತಿರ ಇರಲಿ ಎಂದು ಬರೆದೆ. ಬಹಳ ತಡವಾಯಿತು. ಹದಿಮೂರು ವರ್ಷದಲ್ಲಿ ಆರು ಸಾವಿನ ಮನೆಗಳಲ್ಲಿ ನಿನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದೇನೆ. ಆರು ಸಲವೂ ಹೇಳಬಹುದಿತ್ತು.

ಅಗಾಥಳಿಗೆ ನನ್ನ ನೆನಪು ಹೇಳು. ಗಾಳಿ ಹೆಚ್ಚಿರುವ ದಿನ ಒಬ್ಬನೇ ಸಮುದ್ರಕ್ಕೆ ಹೋಗಬೇಡ.

ನಿನ್ನ ಮೇಲೆ ಹಕ್ಕು ಕಳೆದುಕೊಂಡರೂ ನಿನ್ನ ಹೆಂಡತಿ ಎಂಬ ಹೆಸರು ಕಳೆದುಕೊಳ್ಳದ,
ಡೋರ

ತಾ.ಕ.: ಈ ಕಾಗದ ಎರಡು ದಿನ ಮೇಜಿನ ಮೇಲೆಯೇ ಉಳಿಯಿತು. ಇವತ್ತು ಶುಕ್ರವಾರ. ನಿನಗೆ ಮಾತ್ರ ಗುಟ್ಟಾಗಿ ಹೇಳಿದರೆ ಸಾಲದು ಎನ್ನಿಸಿತು. ಊರೆಲ್ಲ ನಕ್ಕಿದ್ದು ನಿನ್ನನ್ನು. ಅದಕ್ಕೆ ಬೆಳಿಗ್ಗೆ ರಾಜಧಾನಿಗೆ ಹೋಗಿ ರೇಡಿಯೊದಲ್ಲಿ ಕೂತು, ಪ್ರಾಸ್ಪರ್ ಹೇಳಿದ್ದೇ ನಿಜ, ನನ್ನ ಗಂಡ ಸುಳ್ಳು ಹೇಳಲಿಲ್ಲ, ನಾನು ಅವನಿಗೆ ಸುಳ್ಳು ಹೇಳಿದ್ದೆ ಎಂದು ನಿನ್ನ ಪೂರ್ತಿ ಹೆಸರು ಹಿಡಿದು ಹೇಳಿದೆ. ಮೊದಲು ಫೋನ್ ಮಾಡಿದವಳು ರೊಸಾಲಿ. ‘ಅದೆಲ್ಲ ಇರ್ಲಿ ಡೋರಮ್ಮ, ಐಸು ಯಾವಾಗ ಬರುತ್ತೆ?’ ಎಂದಳು. ಕೊನೆಗೆ ಕಾರ್ಯಕ್ರಮದವನು, ಆ ಮತ ನಾಳೆ ಮತ್ತೆ ಬಂದರೆ ಏನೆನ್ನುವಿರಿ ಎಂದು ಕೇಳಿದ. ತಪ್ಪಾಯಿತು, ಹೌದು ಎನ್ನುತ್ತಿದ್ದೆ ಎಂದು ಹೇಳಿದರೆ ಎಲ್ಲರಿಗೂ ಹಿತವಾಗುತ್ತಿತ್ತು. ಅದು ನನ್ನಿಂದ ಆಗಲಿಲ್ಲ. ಬಹುಶಃ ‘ಇಲ್ಲ’ ಎಂದೇ ಹೇಳುತ್ತಿದ್ದೆ, ಆದರೆ ಆಮೇಲೆ ಮನೆಗೆ ಬಂದು, ಯಾರೂ ಹೇಳಿಸಲಿಲ್ಲ, ‘ಇಲ್ಲ’ ಅಂದದ್ದು ನಾನೇ ಎಂದು ಗಂಡನಿಗೆ ಹೇಳುತ್ತಿದ್ದೆ, ಅಂದೆ. ನಿನಗೆ ಇಷ್ಟವಾಗುವ ಉತ್ತರವಲ್ಲ ಇದು. ಆದರೆ ಅಲ್ಲಿ ಕೂತಾಗ ನನಗೆ ಗೊತ್ತಿದ್ದ ನಿಜ ಅಷ್ಟೇ ಇತ್ತು.